ಸುಮತಿ ಅತ್ತೆ ಆಡಿದ ಮಧ್ಯಾಹ್ನ

ಮೊನ್ನೆ ಹಳೆಯ ಟಾರ್ಚಿನ ಹಿಂಬದಿಯ ಮುಚ್ಚಳ ತಿರುಗಿಸಿದಾಗ ಒಳಗಿನ ಸೆಲ್ಲು ಒಡೆದು ಬಿಳಿ ಪುಡಿ ಅಂಗೈಗೆ ಉದುರಿತು. ಅದರ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕಾಪುವಿನ ಕಡಲ ಬದಿಯಲ್ಲಿದ್ದೆ, ಹನ್ನೊಂದು ವರ್ಷದವಳಾಗಿದ್ದೆ. ವಾಸನೆಗೆ ಇಂಥ ದಾರಿಗಳೆಲ್ಲ ಗೊತ್ತು, ನೋಡಿ. ಬಸ್ಸು ಬೇಕಾಗಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಪಕ್ಕದ ಮನೆ ಹಸನಣ್ಣನದು. ದುಬೈಯ ಒಂದು ಪ್ರೆಸ್ಸಿನಲ್ಲಿ ಅವರಿಗೆ ಕೆಲಸ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುವಾಗ ಅತ್ತರು, ಬಟ್ಟೆ, ತಲೆನೋವಿನ ಮುಲಾಮು ಎಲ್ಲ ಬರುತ್ತಿದ್ದವು. ಆ ಸಲ ಬಂದದ್ದು ಮೇಜಿನ ಮೇಲೆ ಇಡುವ ಒಂದು ಆಟದ ಯಂತ್ರ. ಒಂದು ಗೇಣಿಗಿಂತ ತುಸು ಎತ್ತರ, ಮುಂದಕ್ಕೆ ಇಳಿಜಾರು, ಕೆಂಪು ಗುಂಡಿನ ಪುಟ್ಟ ಹಿಡಿಕೆ, ಪಕ್ಕದಲ್ಲೊಂದು ಒತ್ತುವ ಗುಂಡಿ. ಹೊಟ್ಟೆಯೊಳಗೆ ನಾಲ್ಕು ದಪ್ಪ ಸೆಲ್ಲು.

ಹಗಲಿನ ಬೆಳಕಿಗೆ ಅದು ಸರಿಯಾಗಿ ಕಾಣುತ್ತಿರಲಿಲ್ಲ. ಹಸನಣ್ಣ ಕಿಟಕಿ ಮುಚ್ಚಿ ಸ್ವಿಚ್ಚು ಒತ್ತಿದರು. ಕಪ್ಪು ಗಾಜಿನ ಆಳದಲ್ಲಿ ಹಸಿರು, ನೀಲಿ, ಕೆಂಪು ಹಡಗುಗಳು ಹೊತ್ತಿಕೊಂಡವು. ಆಗಸ್ಟಿನ ಕಡಲಲ್ಲಿ ಕೆಲವೊಮ್ಮೆ ಅಲೆಯೇ ಬೆಳಗುವುದನ್ನು ನಾನು ಕಂಡಿದ್ದೆ. ಆದರೆ ಅಂಥ ಬೆಳಕನ್ನು ಒಂದು ಪೆಟ್ಟಿಗೆಯಲ್ಲಿ ಹಿಡಿದಿಡಬಹುದು, ಅದು ನಮ್ಮ ಬೆರಳಿನ ಮಾತು ಕೇಳುತ್ತದೆ ಎಂದರೆ! ನಾನು ಗಾಜಿಗೆ ಮೂಗು ತಾಗಿಸಿ ಕೂತೆ.

ಮೇಲಿನಿಂದ ಹಡಗುಗಳು ಇಳಿಯುತ್ತವೆ, ಕೆಳಗಿನಿಂದ ನಾವು ಗುಂಡು ಹಾರಿಸಿ ಅವನ್ನು ಉರುಳಿಸಬೇಕು. ನಮಗೆ ಮೂರು ಜೀವ. ಹಡಗು ಹತ್ತಿರ ಬಂದಂತೆ ಯಂತ್ರದ ಕೀಚು ಸದ್ದು ಜೋರಾಗುತ್ತದೆ, ಎದೆ ಬಡಿತವೂ ಅದಕ್ಕೆ ಜೊತೆಗೂಡುತ್ತದೆ. ಶಾಲೆಯಲ್ಲಿ ಲೆಕ್ಕಕ್ಕೆ ಮೊದಲಿಗಳೆಂಬ ಜಂಬದ ನಾನು ಎರಡು ದಿನ ಒದ್ದಾಡಿ ಎಂಟುನೂರು ಅಂಕ ದಾಟಿದೆ, ಮತ್ತು ಅದನ್ನು ಕೇಳದವರಿಗೂ ಹೇಳಿಕೊಂಡು ಬಂದೆ.

ಆ ಎರಡು ದಿನವೂ ನನ್ನನ್ನು ಊಟಕ್ಕೆ ಕರೆಯಲು ಬಂದು ಬಾಗಿಲ ಬಳಿ ನಿಂತುಬಿಡುತ್ತಿದ್ದವಳು ಸುಮತಿ ಅತ್ತೆ, ಅಪ್ಪನ ತಂಗಿ. ಇಪ್ಪತ್ತೆರಡು ವರ್ಷ. ಮಗುವಾಗಿದ್ದಾಗ ಬಂದ ಜ್ವರ ಅವಳ ಕಿವಿಯನ್ನು ಕೊಂಡೊಯ್ದಿತ್ತು, ಮಾತೂ ಬರಲಿಲ್ಲ. ಬಲೆಯ ಹರಿದ ಕಣ್ಣನ್ನು ಅವಳಷ್ಟು ಬೇಗ ಹೆಣೆಯುವವರು ಕೇರಿಯಲ್ಲೇ ಇರಲಿಲ್ಲ. ಆದರೂ ಮನೆಯಲ್ಲಿ ಅವಳು ಬುದ್ಧಿ ಬೆಳೆಯದವಳು. ಶಾಲೆಗೆ ಕಳುಹಿಸಿರಲಿಲ್ಲ.

ಮೂರನೆಯ ದಿನ ಹಸನಣ್ಣ ಕೈಸನ್ನೆ ಮಾಡಿ ಅವಳನ್ನು ಒಳಗೆ ಕರೆದರು.

"ಅವಳಿಗೆ ಎಂತ ಗೊತ್ತಾಗ್ತದೆ ಹಸನಣ್ಣ? ಹಾಳು ಮಾಡಿ ಹಾಕ್ತಾಳೆ," ಎಂದೆ. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಯಾವ ಭಾಷೆಯಲ್ಲಿ ಬರೆದರೂ ಈ ಮಾತಿಗೆ ನನಗೆ ನಾಚಿಕೆಯೇ.

"ಹಾಳಾದರೆ ನನ್ನದಲ್ವಾ ಮಾರಾಯ್ತಿ? ನೀನು ಸುಮ್ಮನಿರು."

ಅತ್ತೆ ಸೆರಗಿಗೆ ಕೈ ಒರೆಸಿ ಕುಳಿತಳು. ಮೊದಲ ಜೀವ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು. ನಾನು ನಕ್ಕೆ. ಅವಳು ಹಿಡಿಕೆಯನ್ನು ಎರಡು ಸಲ ಆಚೀಚೆ ಆಡಿಸಿ ಅದರ ಬಿಗಿ ನೋಡಿಕೊಂಡಳು, ಅಷ್ಟೆ.

ಮತ್ತೆ ನಡೆದದ್ದನ್ನು ಹೇಗೆ ಹೇಳಲಿ? ಹಡಗು ಕಾಣಿಸುವ ಮೊದಲೇ ಅವಳ ಬಂದೂಕು ಅದು ಇಳಿಯುವ ಜಾಗದ ಕೆಳಗೆ ಹೋಗಿರುತ್ತಿತ್ತು. ಅವು ಒಂದು ಕ್ರಮದಲ್ಲಿ ಇಳಿಯುತ್ತವೆ ಎಂಬುದೇ ನಮಗೆ ಹೊಳೆದಿರಲಿಲ್ಲ. ಬಾಗಿಲಲ್ಲಿ ನಿಂತು ಅವಳು ಅದನ್ನು ಕಲಿತುಬಿಟ್ಟಿದ್ದಳು. ಯಂತ್ರ ಕಿರುಚುತ್ತಿತ್ತು, ನಾವಿಬ್ಬರೂ ಬೆವರುತ್ತಿದ್ದೆವು. ಅವಳ ಮುಖದ ಮೇಲೆ ಮಾತ್ರ ಹಸಿರು ನೀಲಿ ಬೆಳಕು ನೀರಿನ ಹಾಗೆ ಸದ್ದಿಲ್ಲದೆ ಹರಿಯುತ್ತಿತ್ತು. ಎರಡು ಸಾವಿರ. ಐದು ಸಾವಿರ. ಒಂಬತ್ತು ಸಾವಿರದ ಒಂಬೈನೂರ ತೊಂಬತ್ತು. ಮುಂದಿನ ಹಡಗು ಬಿದ್ದಾಗ ನಾಲ್ಕೂ ಅಂಕಿಗಳು ಒಮ್ಮೆಲೇ ಸೊನ್ನೆಯಾದವು.

"ಯಾ ಅಲ್ಲಾಹ್!" ಹಸನಣ್ಣ ಎದ್ದು ನಿಂತರು. "ಯಂತ್ರಕ್ಕೆ ಇದಕ್ಕಿಂತ ಹೆಚ್ಚು ಎಣಿಸಲಿಕ್ಕೇ ಬರುವುದಿಲ್ಲ!"

ಅವರು ಚಪ್ಪಲಿಯನ್ನೂ ಮೆಟ್ಟದೆ ನಮ್ಮ ಅಂಗಳಕ್ಕೆ ಬಂದರು. ಅಜ್ಜಿ, ಅತ್ತೆಯ ಅಮ್ಮ, ಮೀನು ಒಣಹಾಕುತ್ತಿದ್ದಳು.

"ಅಜ್ಜೀ, ಸುಮತಿಗೆ ಬುದ್ಧಿ ಇಲ್ಲ ಅಂತ ಹೇಳಿದ್ದು ಯಾರು? ಕಿವಿ ಕೇಳುವುದಿಲ್ಲ, ಅಷ್ಟೇ. ನಮ್ಮ ಪ್ರೆಸ್ಸಿನಲ್ಲಿ ಹೀಗೇ ಇರುವವನೊಬ್ಬ ಉಂಟು. ದೊಡ್ಡ ಮಿಷನು ಅವನ ಕೈಯಲ್ಲೇ ಇರುವುದು. ಹೇಳಿದ್ದು ಯಾರು?"

ಅಜ್ಜಿ ಕೈಯಲ್ಲಿದ್ದ ಮೀನನ್ನು ಮೆಲ್ಲಗೆ ಚಾಪೆಯ ಮೇಲಿಟ್ಟಳು. "ನಾನೇ ಹೇಳಿದ್ದು ಮಗಾ," ಎಂದಳು. "ಇಷ್ಟು ವರ್ಷ ನಾನೇ ಹೇಳಿದ್ದು." ಹೇಳಿದವಳು ಅಲ್ಲೇ ಮರಳಿನಲ್ಲಿ ಕುಸಿದು ಕೂತಳು. ಏನಾಯಿತೆಂದು ತಿಳಿಯದೆ ಓಡಿಬಂದ ಅತ್ತೆ ಅವಳ ಭುಜ ಹಿಡಿದುಕೊಂಡಳು.

ಮುಂದಿನ ವಾರ ಹಸನಣ್ಣ, ಅಜ್ಜಿ ಇಬ್ಬರೂ ಅವಳನ್ನು ಮಣಿಪಾಲದ ವೈದ್ಯರಲ್ಲಿಗೆ ಕರೆದುಕೊಂಡು ಹೋದರು. ಕಿವಿ ಸರಿಯಾಗಲಾರದು, ಆದರೆ ಇವಳು ಏನನ್ನು ಬೇಕಾದರೂ ಕಲಿಯಬಲ್ಲಳು ಎಂದರಂತೆ ಅವರು. ಅಕ್ಷರ ಕಲಿಸುವ ಕೆಲಸ ನನಗೆ ಬಂತು. ಪ್ರಾಯಶ್ಚಿತ್ತ ಎಂದು ನಾನು ಭಾವಿಸಿದ್ದೆ. ಆದರೆ ಶಿಷ್ಯೆ ನಾಲ್ಕು ತಿಂಗಳಲ್ಲಿ ನನ್ನ ಪುಸ್ತಕಗಳನ್ನು ಓದಿ ಮುಗಿಸಿ ಹೊಸದಕ್ಕೆ ಕೈಚಾಚಿದಳು. ಹಸನಣ್ಣನ ಪರಿಚಯದ ಉಡುಪಿಯ ಮುದ್ರಣಾಲಯವೊಂದರಲ್ಲಿ ಅವಳಿಗೆ ಮೊಳೆ ಜೋಡಿಸುವ ಕೆಲಸ ಸಿಕ್ಕಿತು. ಸೀಸದ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಜೋಡಿಸುವುದು. ಒಮ್ಮೆ ನೋಡಲು ಹೋಗಿದ್ದೆ. ಸಣ್ಣ ಸಣ್ಣ ಗೂಡುಗಳ ಮೇಲೆ ಅವಳ ಬೆರಳು ನೋಡದೆಯೇ ಹಾರುತ್ತಿತ್ತು. ಕಂಪ್ಯೂಟರು ಬಂದು ಮೊಳೆಗಳು ಮೂಲೆ ಸೇರಿದ ಮೇಲೆ ಅವಳು ಅಲ್ಲಿಯೇ ಕರಡು ತಿದ್ದುವವಳಾದಳು. ಕಾಪುವಿನಿಂದ ಉಡುಪಿ ಪಕ್ಕದ ಅಂಬಲಪಾಡಿಗೆ ಬಂದು, ತನ್ನದೇ ಸಂಬಳದಲ್ಲಿ ಪುಟ್ಟ ಮನೆ ಮಾಡಿಕೊಂಡಳು.

ಇಷ್ಟನ್ನು ಬರೆದು ಕಳೆದ ಭಾನುವಾರ ಅಲ್ಲಿಗೆ ಒಯ್ದೆ. ಅತ್ತೆ ಕನ್ನಡಕ ಹಾಕಿ, ಕೆಂಪು ಪೆನ್ನು ಹಿಡಿದು ಓದಿದಳು. ಎರಡು ಕಡೆ ಒತ್ತಕ್ಷರ ತಿದ್ದಿದಳು. ಆಮೇಲೆ ನನ್ನನ್ನೊಮ್ಮೆ ನೋಡಿ ಮೊದಲ ಪುಟಕ್ಕೆ ಮರಳಿದಳು. ಅವಳ ಹೆಸರಿನ ಹಿಂದೆ ಮೂರು ಕಡೆ ನಾನು 'ಪಾಪ' ಎಂದು ಬರೆದಿದ್ದೆ. ಬರೆದದ್ದು ನನಗೇ ಗೊತ್ತಿರಲಿಲ್ಲ. ಮೂರಕ್ಕೂ ನೇರವಾದ ಗೆರೆ ಎಳೆದು, ಹಾಳೆಗಳನ್ನು ನನ್ನ ಕೈಗಿತ್ತು, ಚಹಾ ಮಾಡಲು ಎದ್ದುಹೋದಳು.