ಚಾವಿ ನನ್ನದು, ಜಾಗ ತಮ್ಮನದು, ಕಾರು ಇಲಿಗಳದು

ನನ್ನದು ಸಂಶಯದ ಸ್ವಭಾವ. ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಹೇಳುತ್ತಿಲ್ಲ. ಕೆಲವರಿಗೆ ಬದನೆಕಾಯಿ ಆಗಿಬರುವುದಿಲ್ಲ, ನನಗೆ ನಂಬಿಕೆ ಆಗಿಬರುವುದಿಲ್ಲ, ಅಷ್ಟೇ. ಕಾಯಿಪಲ್ಯೆ ಮಾರುವವಳು ಕೇಳದೆಯೇ ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿದರೆ, ಓಣಿ ದಾಟಿದ ಮೇಲೆ ನಿಂತು ಆ ಸಿವುಡು ಬಿಚ್ಚಿ ನೋಡುತ್ತೇನೆ. ಜಮಖಂಡಿಯ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದೆ ಅನ್ನುವುದು ಹೆಸರಿಗೆ ಮಾತ್ರ. ಖರೇ ಹೇಳಬೇಕೆಂದರೆ ಪರೀಕ್ಷೆಯ ಕೋಣೆಯಲ್ಲಿ ಹುಡುಗರ ಅಂಗಿಯ ತೋಳು ನೋಡುತ್ತ ನೋಡುತ್ತ ನನ್ನ ಆಯುಷ್ಯ ಕಳೆಯಿತು. ನಿವೃತ್ತನಾದ ಮೇಲೆ ನೋಡಲು ತೋಳುಗಳಿಲ್ಲ. ಹಾಗಾಗಿ ಈಗ ನಾನು ಬಂಧುಗಳನ್ನು ನೋಡುತ್ತೇನೆ.

ಚೌತಿ ಹತ್ತಿರ ಬಂದಿದ್ದ ಒಂದು ಮಧ್ಯಾಹ್ನ ಬನಹಟ್ಟಿಯಿಂದ ನನ್ನ ತಮ್ಮ ಈರಣ್ಣ ಫೋನ್ ಮಾಡಿ, ಅಪ್ಪನ ಕಾರಿನೊಳಗೆ ಇಲಿ ಸೇರಿಕೊಂಡಿವೆ, ಚಾವಿ ತೆಗೆದುಕೊಂಡು ಬಾ ಎಂದಾಗ, ಬೇರೆಯವರಾಗಿದ್ದರೆ ಇಲಿಗಳನ್ನು ಬೈಯುತ್ತಿದ್ದರು. ನಾನು ಕೂತು ತಮ್ಮನ ಬಗ್ಗೆ ವಿಚಾರ ಮಾಡಿದೆ. ಇಷ್ಟು ದಿನ ಇಲ್ಲದ ಇಲಿ ಈಗ ಎಲ್ಲಿಂದ ಬಂದವು? ತಾವಾಗಿ ಬಂದವೋ, ಯಾರಾದರೂ ಕರೆದರೋ?

ಈ ಕಾರಿನ ಕತೆ ನಿಮಗೆ ಹೇಳಬೇಕು. ನಮ್ಮಪ್ಪ ನೂಲಿನ ವ್ಯಾಪಾರಿ. ಕೆನೆಬಣ್ಣದ ಒಂದು ಅಂಬಾಸಿಡರ್ ಇಟ್ಟುಕೊಂಡಿದ್ದರು. ಮುಧೋಳಕ್ಕೋ ಲೋಕಾಪುರಕ್ಕೋ ಅದರಲ್ಲಿ ಹೊರಟರೆಂದರೆ ದಾರಿಯಲ್ಲಿ ಕೈ ಮಾಡಿದವರನ್ನೆಲ್ಲ ಹತ್ತಿಸಿಕೊಂಡು, ಊರು ಮುಟ್ಟುವುದರೊಳಗೆ ತಾವೇ ಬಾಗಿಲಿಗೆ ಒತ್ತಿಕೊಂಡು ಕೂತಿರುತ್ತಿದ್ದರು. ಅಪ್ಪ ಹೋದ ಮೇಲೆ ಮನೆ, ಮಗ್ಗ ತಮ್ಮನಿಗೆ ಬಂದವು, ಹೊಲ ನನಗೆ ಬಂತು. ಕಾರನ್ನು ಕೊಯ್ದು ಹಂಚಲಿಕ್ಕೆ ಬರುವುದಿಲ್ಲವಲ್ಲ, ಅದು ಇಬ್ಬರದೂ ಆಯಿತು. ಜಮಖಂಡಿಯ ನಮ್ಮ ಓಣಿಯಲ್ಲಿ ಎಮ್ಮೆ ತಿರುಗಬೇಕಾದರೂ ಹಿಂದಕ್ಕೆ ನಾಲ್ಕು ಹೆಜ್ಜೆ ಇಡಬೇಕು. ಆದ್ದರಿಂದ ಕಾರು ತಮ್ಮನ ಮಗ್ಗದ ಶೆಡ್ಡಿನ ಮೂಲೆಯಲ್ಲಿ ನಿಂತಿತು. ನಾನು ಬಾಗಿಲು ಹಾಕಿ ಚಾವಿ ಕಿಸೆಯಲ್ಲಿಟ್ಟುಕೊಂಡು ಬಂದೆ. ಇಬ್ಬರೂ ಕೂಡಿದರೆ ಮಾತ್ರ ಕಾರು ಹೊರಡಬೇಕು ಅನ್ನುವುದು ನನ್ನ ಲೆಕ್ಕ. ಇಬ್ಬರೂ ಕೂಡಲಿಲ್ಲ, ಕಾರೂ ಹೊರಡಲಿಲ್ಲ. ಪ್ರತಿ ಚೌತಿಗೆ ಹೋಗುತ್ತೇನೆ, ಕಾರಿಗೆ ಹೊದಿಸಿದ ತಾಡಪತ್ರಿ ಎತ್ತಿ ನಾಲ್ಕೂ ಗಾಲಿ ಇವೆಯೋ ಇಲ್ಲವೋ ನೋಡುತ್ತೇನೆ, ಉಂಡು ಸಂಜೆಯ ಬಸ್ಸಿಗೆ ತಿರುಗಿ ಬರುತ್ತೇನೆ.

ಈಗ ನಿಮಗೆ ನನ್ನ ಸಂಶಯ ಹೊಳೆದಿರಬೇಕು. ಆ ಮೂಲೆಯಲ್ಲಿ ಇನ್ನೊಂದು ಮಗ್ಗ ಬರೋಬ್ಬರಿ ಕೂಡುತ್ತದೆ. ಕಾರು ಕೆಟ್ಟಿತೆಂದರೆ ಗುಜರಿಗೆ, ಗುಜರಿಗೆ ಹೋಯಿತೆಂದರೆ ಜಾಗ ಖಾಲಿ. ತಮ್ಮ ಬೇಕೆಂದೇ ಇಲಿ ಬಿಟ್ಟಿದ್ದಾನೆಂದು ಖಾತ್ರಿಯಾದರೆ ಕಾರನ್ನು ನನ್ನ ಪಾಲಿನ ಹೊಲಕ್ಕೆ ಎಳೆಸಿಕೊಂಡು ಹೋಗುವುದು, ಮತ್ತೆ ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ನಿರ್ಧರಿಸಿದೆ. ಒಬ್ಬ ಟ್ರ್ಯಾಕ್ಟರಿನವನಿಗೆ ಚೌತಿಯ ಮರುದಿನ ಹಗ್ಗ ತೆಗೆದುಕೊಂಡು ಬರಲು ಹೇಳಿಯೂ ಇಟ್ಟೆ. ಇರುವವನು ಒಬ್ಬನೇ ತಮ್ಮ. ಅವನನ್ನು ಬಿಟ್ಟುಬಿಡುವ ವಿಚಾರ ಮಾಡುತ್ತ ಬಸ್ಸಿನಲ್ಲಿ ಕೂತವನು ಕಂಡಕ್ಟರ್ ಕೊಟ್ಟ ಚಿಲ್ಲರೆಯನ್ನು ಎಣಿಸದೆಯೇ ಕಿಸೆಗೆ ಹಾಕಿಕೊಂಡೆ. ಇಳಿದ ಮೇಲೆ ನೆನಪಾಗಿ ಎರಡು ಸಲ ಎಣಿಸಿದೆ.

ಚೌತಿಯ ಮುಂಚಿನ ದಿನ ಕಾರಿನ ಬಾಗಿಲು ತೆಗೆದೆ. ವಾಸನೆ ಮೊದಲು ಇಳಿಯಿತು, ಅದರ ಹಿಂದೆ ಇಲಿಗಳು ಇಳಿದವು. ನನ್ನ ಕಾಲಿನ ಮೇಲೆ ಹಾಯ್ದು ಒಂದೊಂದಾಗಿ ಶೆಡ್ಡಿನ ಹಿಂದಿನ ಗಟಾರದ ಕಡೆಗೆ ಹೋದವು. ಅವುಗಳ ನಡಿಗೆಯಲ್ಲಿ ಗಡಿಬಿಡಿ ಏನೂ ಇರಲಿಲ್ಲ. ಮನೆ ಮಾಲೀಕ ಬಂದಿದ್ದಾನೆ, ಸ್ವಲ್ಪ ಹೊತ್ತು ಹೊರಗಿರೋಣ ಅನ್ನುವಂತಿತ್ತು. ಹಿಕ್ಕೆಯನ್ನು ಒಣಗಿದ್ದಂತೆಯೇ ಗುಡಿಸಬಾರದು, ಧೂಳೆದ್ದು ರೋಗ ಬರುತ್ತದೆ ಎಂದು ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಪಾಠ ಹೇಳಿದೆ. ತಮ್ಮ ಪಾಪ ಫಿನೈಲ್ ನೀರು ಚಿಮುಕಿಸುತ್ತ ಹೋದ, ನಾನು ಕೈಗವಸು ಹಾಕಿಕೊಂಡು ಬಳಿಯುತ್ತ ಹೋದೆ. ಬಾನೆಟ್ ಎತ್ತಿದರೆ ವಾಯರುಗಳು ಸಂಡಿಗೆಯ ಚೂರುಗಳಂತೆ ಬಿದ್ದಿದ್ದವು. ಗಾಳಿ ಸೋಸುವ ಡಬ್ಬಿಯ ತುಂಬ ಜೋಳ. ಹಿಂದಿನ ಸೀಟಿನ ಹೊಟ್ಟೆಯೊಳಗೆ ಕೈ ಹಾಕಿದರೆ ಕೆಂಪು, ಹಸಿರು, ನೀಲಿ ಬಣ್ಣದ ನೂಲಿನ ಮೆತ್ತನೆ ಗೂಡು. ನನ್ನ ಹಾಸಿಗೆಯೂ ಅಷ್ಟು ಮೆತ್ತಗಿಲ್ಲ.

ಸಂಸ್ಕೃತದಲ್ಲಿ ಮೂಷಿಕ ಅಂದರೇ ಕದಿಯುವವನು ಎಂದು ಓದಿದ್ದೇನೆ. ಲೋಕದ ವಿಘ್ನ ಕಳೆಯುವ ದೇವರು ಕಳ್ಳನನ್ನೇ ವಾಹನ ಮಾಡಿಕೊಂಡ. ಕಣ್ಣೆದುರು ಇದ್ದರೆ ಕದಿಯುವುದಿಲ್ಲ ಎಂದಿರಬೇಕು. ಅಂದರೆ ದೇವರಿಗೂ ಸಂಶಯ ಇದ್ದೇ ಇತ್ತು. ನಾನಾದರೋ ಅಪ್ಪನ ವಾಹನದೊಳಗೆ ಗಣಪತಿಯ ವಾಹನಗಳು ಸಂಸಾರ ಹೂಡುವವರೆಗೆ ಜಮಖಂಡಿಯಲ್ಲಿ ಕೂತಿದ್ದೆ.

ನನ್ನ ಸಂಶಯಕ್ಕೆ ಮೊದಲ ಆಧಾರ ಕೊಟ್ಟವಳು ತಮ್ಮನ ಹೆಂಡತಿ ಶಾಂತವ್ವ. ನಾನು ತಂದಿದ್ದ ಇಲಿ ಪಾಷಾಣದ ಪುಡಿಕೆಯನ್ನು ಇಸಿದುಕೊಂಡು, ಹಬ್ಬ ಮುಗಿಯುವವರೆಗೆ ಬೇಡ ಎಂದು ಅಟ್ಟದ ಮೇಲಿಟ್ಟುಬಿಟ್ಟಳು. ಇವಳು ಯಾರ ಕಡೆಯವಳು ಅನ್ನಿಸಿತು. ಎರಡನೆಯ ಆಧಾರ ಸಂಜೆ ಸಿಕ್ಕಿತು. ಹಿಂದಿನ ಗಾಲಿಯ ಹತ್ತಿರ ಬಗ್ಗಿದೆ, ಬಂಪರಿನ ಕೆಳಗಡೆ ಅರಿಷಿಣ ಕುಂಕುಮ. ಒಂದು ವರ್ಷದ್ದಲ್ಲ, ಒಂದರ ಮೇಲೊಂದು ಒಣಗಿ ಪದರು ಪದರಾಗಿತ್ತು. ನೆಲದ ಮೇಲೆ ಒಣಗಿದ ಎಲೆಯ ದೊನ್ನೆ, ಕಡಬಿನ ಕರೀ ಚೂರು. ಇಷ್ಟು ವರ್ಷ ಗಾಲಿ ಎಣಿಸಿದ್ದೆನೇ ಹೊರತು ಬಗ್ಗಿ ನೋಡಿರಲಿಲ್ಲ. ಮಾಟ ಮಂತ್ರವನ್ನು ನಾನು ನಂಬುವುದಿಲ್ಲ, ತರಗತಿಯಲ್ಲಿ ಹುಡುಗರಿಗೆ ಹಾಗೆಯೇ ಹೇಳಿದ್ದೇನೆ. ಆದರೂ ಎರಡು ಹೆಜ್ಜೆ ಹಿಂದೆ ಸರಿದೆ.

ಹಬ್ಬದ ಮನೆಯಲ್ಲಿ ಜಗಳ ಬೇಡವೆಂದು ರಾತ್ರಿಯೆಲ್ಲ, ಮರುದಿನ ಗಣಪತಿ ಕೂಡಿಸುವವರೆಗೂ ಬಾಯಿ ಬಿಗಿಹಿಡಿದಿದ್ದೆ. ಉಂಡಾದ ಮೇಲೆ ತಡೆಯಲಾಗಲಿಲ್ಲ. ಕಾರಿನ ಬುಡಕ್ಕೆ ಎಡೆ ಇಟ್ಟವರು ಯಾರು ಎಂದು ಕೇಳಿಯೇಬಿಟ್ಟೆ. ಅಲ್ಲಗಳೆಯುತ್ತಾರೆ, ಆಗ ಹಿಡಿಯಬೇಕು ಎಂದು ತಯಾರಾಗಿದ್ದೆ. ಶಾಂತವ್ವ ತಾಟು ಎತ್ತುತ್ತ ಸಾದಾ ಮಾತಿನಲ್ಲಿ ಹೇಳಿದಳು.

"ನಾವ ಇಟ್ಟೀವ್ರಿ ಭಾವಾರ. ಇಲಿವಾರದ ಎಡಿ ಅದು."

ಚೌತಿಯ ಮರುದಿನ ನಮ್ಮ ನೇಕಾರರಿಗೆ ಇಲಿವಾರ. ಆ ದಿನ ಮಗ್ಗ ನಡೆಸುವುದಿಲ್ಲ, ಕತ್ತರಿ ಹಿಡಿಯುವುದಿಲ್ಲ. ನೂಲು ಕಡಿಯಬೇಡಪ್ಪಾ ಎಂದು ಇಲಿಗೆ ಕಡಬು ಇಡುತ್ತಾರೆ. ಉಂಡ ಸಂಜೆಯೇ ಬಸ್ಸು ಹಿಡಿಯುವ ನಾನು ಆ ದಿನವನ್ನೇ ಮರೆತಿದ್ದೆ. ಮೊದಲು ಮಗ್ಗದ ಕೆಳಗೇ ಇಡುತ್ತಿದ್ದರಂತೆ. ಒಂದು ವರ್ಷ ಇಲಿಗಳು ಕಡಬನ್ನೂ ತಿಂದು, ನೇಯಲು ಏರಿಸಿದ್ದ ಹಾಸಿನ ನೂಲನ್ನೂ ಕಡಿದು ಹಾಕಿದವು. ಅವಕ್ಕೆ ಬೇರೆ ಕಡೆ ಜಾಗ ತೋರಿಸಿದರೆ ಮಗ್ಗದ ತಂಟೆಗೆ ಬರುವುದಿಲ್ಲ ಎಂದು ಇವರೇ ಗಂಡ ಹೆಂಡತಿ ವಿಚಾರ ಮಾಡಿ ಕಾರಿನ ಬುಡ ತೋರಿಸಿದರು. ತೋರಿಸಿದ ಜಾಗ ನೋಡಿಕೊಂಡ ಇಲಿಗಳು ಕಾರಿನ ಒಳಕ್ಕೂ ಹೋದವು.

ನೋಡಿ, ನನ್ನ ಸಂಶಯ ಅಕ್ಷರಶಃ ಖರೇ ಆಗಿತ್ತು! ಬೇಕೆಂದೇ ಇಲಿ ಕರೆದಿದ್ದರು. ಇಂಥ ಗೆಲುವು ನನಗೆ ಪರೀಕ್ಷೆಯ ಕೋಣೆಯಲ್ಲೂ ಸಿಕ್ಕಿರಲಿಲ್ಲ. ಅಪ್ಪನ ಕಾರನ್ನು ಇಲಿಗೆ ಬಿಟ್ಟುಕೊಟ್ಟೆಯಲ್ಲ, ಅದೇ ಜಾಗ ಸಿಕ್ಕಿತೇ ಎಂದು ತಮ್ಮನ ಮೇಲೆ ಹರಿಹಾಯ್ದೆ. ಅವನು ಸಿಟ್ಟಾಗಲಿಲ್ಲ.

"ಆ ಎಡಿ ಮನಿ ಹಿರೇ ಮಗಾ ಇಡಬೇಕಣ್ಣಾ. ನೀ ಇರೂದಿಲ್ಲ. ಅದಕ್ಕ ನಿನ್ನ ಹೆಸರು ಹೇಳಿ, ನೀ ಕೈಯಿಟ್ಟು ಕೀಲಿ ಹಾಕಿದ ಸಾಮಾನಿನ ಬುಡಕ ಇಡತಿದ್ವಿ. ಇಲಿ ಒಳಗ ಹೊಕ್ಕಾಗ ಓಡಸಬೇಕಂದ್ರ ಬಾಗಲಾ ತಗೀಬೇಕಲ್ಲ. ಚಾವಿ ನಿನ್ನ ಕಡೆ."

ಅಷ್ಟೂ ವರ್ಷ ಆ ಇಲಿಗಳು ಉಂಡದ್ದು ನನ್ನ ಹೆಸರಿನ ಊಟ. ನನ್ನನ್ನು ಈ ಮನೆಯ ಲೆಕ್ಕದಿಂದ ತೆಗೆದಿದ್ದಾರೆ ಎಂದು ನಾನು ಗಾಲಿ ಎಣಿಸುತ್ತಿದ್ದೆ. ಇವರು ನಾನು ಬಸ್ಸು ಹತ್ತಿದ ಮರುದಿನ ನನ್ನ ಹೆಸರು ಹಿಡಿದು ಕಾರಿಗೆ ಕುಂಕುಮ ಹಚ್ಚುತ್ತಿದ್ದರು. ಕಣ್ಣು ಉರಿದು ನೀರು ಬಂತು. ಫಿನೈಲು ಜಾಸ್ತಿ ಹಾಕಿದ್ದೀರಿ ಎಂದು ಹೇಳಿ ಹಿತ್ತಿಲಿಗೆ ಹೋದೆ. ಅಲ್ಲಿಂದಲೇ ಟ್ರ್ಯಾಕ್ಟರಿನವನಿಗೆ ಬರಬೇಡವೆಂದು ಫೋನ್ ಮಾಡಿದೆ. ಯಾಕೆಂದು ಕೇಳಿದ. ಕಾರು ಅಲ್ಲೇ ಇರಲಿ ಎಂದಷ್ಟೇ ಹೇಳಿದೆ.

ಮರುದಿನ ಓಣಿಗೆ ಓಣಿಯೇ ಸದ್ದಿಲ್ಲ. ಮಗ್ಗ ನಿಂತ ಬನಹಟ್ಟಿಯಲ್ಲಿ ನಮ್ಮ ಉಸಿರು ನಮಗೇ ಕೇಳಿಸುತ್ತದೆ. ಶಾಂತವ್ವ ದೊನ್ನೆಯಲ್ಲಿ ಕಡಬು ಹಿಡಿದು ನಿಂತಳು. ಈ ವರ್ಷ ಹಿರಿಯ ಮಗ ಎದುರಿಗಿದ್ದಾನೆ, ಎಲ್ಲಿ ಇಡಬೇಕು ನೀನೇ ಹೇಳು ಎಂದ ತಮ್ಮ. ಮನಸಾರೆ ಕೇಳಿದನೋ, ಮುಂದೆ ತಕರಾರು ಮಾಡದಂತೆ ನನ್ನನ್ನೂ ಪಾಲುದಾರನನ್ನಾಗಿ ಮಾಡಿಕೊಂಡನೋ, ಎರಡೂ ಇರಬಹುದು. ಮಗ್ಗದ ಹತ್ತಿರ ಬೇಡ, ತೊಳೆದ ಕಾರಿನ ಹತ್ತಿರವಂತೂ ಬೇಡವೇ ಬೇಡ ಎಂದು ಎಲ್ಲ ಸುತ್ತಾಡಿ, ಹಿತ್ತಿಲ ಗೋಡೆಯ ಬುಡದಲ್ಲಿ, ನುಗ್ಗೆಗಿಡದ ಕೆಳಗೆ ನನ್ನ ಕೈಯಿಂದಲೇ ಇಟ್ಟೆ. ತಮ್ಮ ಬಾಜೂಕ್ಕೆ ನಿಂತು ಕೈ ಮುಗಿದ. ಆ ಸಂಜೆಯ ಬಸ್ಸನ್ನೂ ಬಿಟ್ಟೆ.

ಮಾರನೆಯ ಬೆಳಿಗ್ಗೆ ಹೋಗಿ ನೋಡಿದರೆ ದೊನ್ನೆ ಖಾಲಿ. ಇಲಿ ಒಪ್ಪಿಕೊಂಡವು, ಇನ್ನು ಕಾರಿನ ಕಡೆ ಬರುವುದಿಲ್ಲ ಎಂದ ತಮ್ಮ. ಆದರೆ ದೊನ್ನೆಯ ಅಂಚಿನಲ್ಲಿ ಒಂದು ಹಲ್ಲಿನ ಗುರುತೂ ಇರಲಿಲ್ಲ, ನೆಲದ ಮೇಲೆ ಒಂದು ಚೂರೂ ಬಿದ್ದಿರಲಿಲ್ಲ. ಇಷ್ಟು ಚೊಕ್ಕ ಊಟ ಮಾಡಿದ್ದು ಇಲಿಯೋ, ಅಣ್ಣನ ಮನಸ್ಸಿಗೆ ಸಮಾಧಾನವಾಗಲಿ ಎಂದು ತಮ್ಮನೇ ನಸುಕಿನಲ್ಲೆದ್ದು ಖಾಲಿ ಮಾಡಿದನೋ, ನನಗೆ ಭಾರೀ ಸಂಶಯವಿದೆ. ಬರುವ ಚೌತಿಗೆ ನಾಲ್ಕು ದಿನ ಹೆಚ್ಚಿಗೆ ನಿಂತು, ಅವನ ಪಕ್ಕದಲ್ಲೇ ಮಲಗಿ, ಖುದ್ದಾಗಿ ನೋಡಬೇಕೆಂದಿದ್ದೇನೆ.