ಕೇದಾರದ ಹಾದಿಯಲ್ಲಿ ರಾಶಿ

ಕೇದಾರಕ್ಕೆ ನಡೆಯುವ ಹಾದಿಗೆ ಹಿಮನದಿಯೊಂದು ಅಡ್ಡ ಮಲಗಿದೆ. ಮಂಜಿನಲ್ಲಿ ನಡೆಯುತ್ತಿದ್ದೇವೋ ತೇಲುತ್ತಿದ್ದೇವೋ ತಿಳಿಯದು. ಅದರ ಅಂಚಿನಲ್ಲಿ ಅತ್ತೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತರು.

“ಆಯಿ, ಕಾಲು ಸೆಟದು ಹೋಗ್ತಾವ, ಹಾಕ್ಕೋ,” ಎಂದಳು ನನ್ನ ಮಗಳು.

“ಸುಮ್ಮನಿರು. ಚಪ್ಪಲಿ ಹಾಕ್ಕೊಂಡು ಜ್ವಾಳದ ರಾಶಿ ತುಳೀತಾರೇನ?”

“ಇದು ನಮ್ಮ ಇಂಡಿ ಊರಿನ ಜ್ವಾಳ ಅಲ್ಲ, ಬರ್ಫ!”

“ಬೆಳ್ಳಗ ಐತಲ್ಲ, ಸಾಕು. ನನ್ನ ಮಗ ಮಲ್ಲಪ್ಪ ಇದ್ದಿದ್ರ ನಿನಗ ಬೈತಿದ್ದ.”

ಗಂಡನ ಹೆಸರನ್ನು ನಾನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಅವರು ತೀರಿಕೊಂಡ ಮೇಲೆ ಅತ್ತೆಯೂ ಹೇಳುವುದನ್ನು ಬಿಟ್ಟಿದ್ದರು. ವರ್ಷದಿಂದ ನಮ್ಮ ಮನೆಯಲ್ಲಿ ಆ ಹೆಸರೇ ಕೇಳಿಬಂದಿರಲಿಲ್ಲ.

ಕೇಳಿಸಿದರೂ ಕೇಳಿಸದವಳಂತೆ, “ಯಾರು ಬೈತಿದ್ರು ಅಂದ್ರಿ, ಅತ್ತಿ?” ಎಂದೆ.

“ಮಲ್ಲಪ್ಪ,” ಎಂದರು ಅತ್ತೆ, ಈ ಸಲ ಜೋರಾಗಿ.