ಸೊಸೆಯ ತಲೆಗೆ ಕಟ್ಟಿದ ಕಥೆ

ಹೊಲಿಗೆ ಅಂಗಡಿಯವಳು ಕಥೆ ಬರೆಯುತ್ತಾಳೆಂದು ಓಣಿಗೆ ಗೊತ್ತಾದದ್ದು ಅದು ವಾರಪತ್ರಿಕೆಯಲ್ಲಿ ಅಚ್ಚಾದ ಮೇಲೆ. ಕಥೆಯಲ್ಲಿ ಹಾಸಿಗೆ ಹಿಡಿದ ಮುದುಕಿ. ಅವಳ ಒದ್ದೆ ಬಟ್ಟೆಯ ನಾತ ತಾಳಲಾರದೆ ಕೋಣೆಯ ಬಾಗಿಲು ಎಳೆದುಕೊಂಡು, ಕೂಗು ಕೇಳಿಸದಂತೆ ರೇಡಿಯೊ ಜೋರು ಮಾಡಿ ಕೂರುವ ಸೊಸೆ. ಓದಿದವರೆಲ್ಲ ಎಂಥ ಸತ್ಯ ಬರೆದಿದ್ದೀಯಮ್ಮ ಎಂದರು. ಆ ಹೊಗಳಿಕೆ ಅವಳಿಗೆ ಹಳಸಿದ ಅನ್ನದಂತಿತ್ತು.

ಏಕೆಂದರೆ ನಿಜದಲ್ಲಿ ಬಾಗಿಲು ಎಳೆದುಕೊಂಡವಳು ಅವಳೇ. ತಾಯಿ ಸಾಯುವ ಮೊದಲು ಅಣ್ಣನ ಮನೆಯಲ್ಲಿ ಮಲಗಿದಲ್ಲೇ ಇದ್ದ ಏಳು ತಿಂಗಳು, ಅತ್ತಿಗೆ ಕೆಲಸಕ್ಕೆ ಹೋದರೆ ಹಗಲಿನ ಪಾಳಿ ಇವಳದು. ಸಂಜೆ ಅತ್ತಿಗೆ ಬಂದು, ಹೆಗಲ ಚೀಲವನ್ನೂ ಇಳಿಸದೆ, ಹಾಸಿಗೆ ಬದಲಿಸಿ ಬೆನ್ನಿನ ಹುಣ್ಣು ತೊಳೆಯುತ್ತಿದ್ದಳು. ಆದರೆ ಬರೆಯುವಾಗ ಮಗಳು ಎಂದು ಬರೆಯಲು ಇವಳಿಗೆ ಕೈ ಬರಲಿಲ್ಲ. ಕಥೆ ತಾನೆ, ಯಾರ ಹೆಸರೂ ಇಲ್ಲವಲ್ಲ ಎಂದುಕೊಂಡು ಸೊಸೆಯ ತಲೆಗೆ ಕಟ್ಟಿದಳು. ಥೂ, ಏನು ಜಾಣತನ!

ಬೀಸುವ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸಂತೆ. ಇವಳು ತಪ್ಪಿಸಿಕೊಂಡ ದೊಣ್ಣೆ ಅತ್ತಿಗೆಯ ಬೆನ್ನಿಗೆ ಬಿತ್ತು. ಆ ಮನೆಯಲ್ಲಿ ಇರುವ ಸೊಸೆ ಒಬ್ಬಳೇ, ಕಥೆಯವಳು ಅವಳೇ ಎಂದು ನೆಂಟರು ತೀರ್ಮಾನಿಸಿದರು. ಚಿಕ್ಕಮ್ಮ ಬಂದವಳು ಅತ್ತಿಗೆಯ ಕೈಯಿಂದ ನೀರು ಕೂಡ ತೆಗೆದುಕೊಳ್ಳಲಿಲ್ಲ. ಅತ್ತಿಗೆ ಅಂಗಡಿಯತ್ತ ಬರುವುದನ್ನೇ ಬಿಟ್ಟಳು.

ತಿಂಗಳೊಂದು ಕಳೆಯುವುದರಲ್ಲಿ ಇವಳು ಕಥೆಯನ್ನು ಮತ್ತೆ ಬರೆದಳು. ಈ ಸಲ ಬಾಗಿಲು ಎಳೆದುಕೊಳ್ಳುವವಳು ಮಗಳು. ಪತ್ರಿಕೆಗೆ ಕಳಿಸುವ ಮೊದಲು ಅಣ್ಣನ ಮನೆಗೆ ಹೋಗಿ, ಗಂಡ ಹೆಂಡತಿ ಇಬ್ಬರ ಮುಂದೆಯೂ ಓದಿದಳು. ಇನ್ನು ಆ ಮನೆ ತನಗಿಲ್ಲವೆಂದು ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿದ್ದಳು.

ಬಾಗಿಲು ಎಳೆದುಕೊಂಡವಳು ಯಾರೆಂದು ಅಣ್ಣನಿಗೆ ಮೊದಲೇ ಗೊತ್ತಿತ್ತು. ಹೆಂಡತಿಯ ಮುಖ ನೋಡದೆ ಹೇಳಿದ: "ಸೊಸೆ ಅಂತಲೇ ಇರ್ಲಿ ಬಿಡೇ. ಮಗಳು ಅಂದ್ರೆ ನಮ್ಮನೆ ಮರ್ಯಾದೆ ಏನಾಗ್ಬೇಕು?"

ತಾಯಿಯ ಕೋಣೆಯ ನಾತಕ್ಕೂ ಇವಳಿಗೆ ಇಷ್ಟು ಹೇಸಿಗೆಯಾಗಿರಲಿಲ್ಲ. ಆ ಮಾತನ್ನು ಅವನಿಗಿಂತ ಮೊದಲು ಆಡಿದವಳು, ಅದೂ ಅಚ್ಚು ಹಾಕಿಸಿ ಆಡಿದವಳು, ತಾನೇ ಎಂದು ಆಮೇಲೆ ಹೊಳೆಯಿತು.

ಅತ್ತಿಗೆ ಹಾಳೆಗಳನ್ನು ತೆಗೆದುಕೊಂಡು ತಾನೇ ಇನ್ನೊಮ್ಮೆ ಓದಿದಳು. ಹೊಸ ಕಥೆಯಲ್ಲಿ ಸೊಸೆ ನಗುನಗುತ್ತಾ ಅತ್ತೆಯ ಹುಣ್ಣು ತೊಳೆಯುತ್ತಿದ್ದಳು. ಅಲ್ಲಿಗೆ ಬಂದು ಬೆರಳಿಟ್ಟು ನಿಲ್ಲಿಸಿದಳು.

"ಇದೂ ಸುಳ್ಳೇ," ಎಂದಳು. "ನಾನು ಶಾಪ ಹಾಕ್ಕೊಂಡೇ ತೊಳೆದಿದ್ದು. ಬೇಗ ಸಾಯ್ಲಿ ಅಂತ ದಿನಾ ಅಂದ್ಕೊಳ್ತಿದ್ದೆ. ಬರೆಯೋದಾದ್ರೆ ಅದನ್ನೂ ಬರಿ."

ಅಣ್ಣ ಎದ್ದು ಹೊರಗೆ ಹೋದ. ಇವಳು ಅಲ್ಲೇ ನೆಲದ ಮೇಲೆ ಕೂತು ಅತ್ತಿಗೆ ಬೆರಳಿಟ್ಟ ಸಾಲನ್ನು ಹೊಡೆದುಹಾಕಿದಳು.